ಮೆಣಸು ಹೋದ ಊರು

— ಚೀನಾಗೆ ಹೋಗಿ ಆ ಮಹಾಗೋಡೆ ನೋಡದೆ ವಾಪಸ್ ಬಂದ್ರಂತೆ?

— ಗೋಡೆ ಇರೋದು ಬೀಜಿಂಗ್ ಕಡೆ ಮೇಷ್ಟ್ರೇ. ನನ್ನ ಮಗ ಇರೋದು ಶಿಯಾಮೆನ್‌ನಲ್ಲಿ, ದಕ್ಷಿಣದ ಫುಜಿಯಾನ್ ಪ್ರಾಂತ್ಯದ ಕರಾವಳಿಯಲ್ಲಿ. ಎರಡಕ್ಕೂ ನಡುವೆ ಬೆಂಗಳೂರಿಂದ ದಿಲ್ಲಿಗೆ ಇರೋವಷ್ಟು ದೂರ ಇದೆ. ಮೊಮ್ಮಗನ್ನ ನೋಡೋಕೆ ಅಂತ ಹೋದೋಳು ನಾನು, ಊರು ನೋಡಿದ್ದು ಲಾಭ. ಶಿಯಾಮೆನ್ ಚೊಕ್ಕಟವಾದ ಊರು. ಎದುರಿಗೇ ಗುಲಾಂಗ್‌ಯು ಅಂತ ಪುಟ್ಟ ದ್ವೀಪ. ಕಾರಿಲ್ಲ, ಸ್ಕೂಟರಿಲ್ಲ, ಹಳೇ ಕಾನ್ಸುಲೇಟ್ ಬಂಗಲೆಗಳು, ಒಂದು ಪಿಯಾನೊ ಮ್ಯೂಸಿಯಂ. 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಜಾಗ, ಜನವೋ ಜನ. ಫೋಟೊ ತೆಗೆಸ್ಕೊಂಡ್ವಿ, ಬಂದ್ವಿ. ನನ್ನ ಮನಸ್ಸು ಹಿಡಿದಿದ್ದು ಪಕ್ಕದ ಊರು, ರೈಲಲ್ಲಿ ಅರ್ಧ ಮುಕ್ಕಾಲು ಗಂಟೆ. ಕ್ವಾನ್‌ಝೌ.

— ಕ್ವಾನ್‌ಝೌ? ಅಲ್ರೀ, ಅದು ಝೈತೂನ್ ಕಣ್ರೀ! ಅರಬರು ಆ ಬಂದರನ್ನ ಕರೀತಿದ್ದ ಹೆಸರು. ಊರಿನ ಸುತ್ತ ಹಾಲವಾಣದ ಮರ ಬೆಳೆಸಿದ್ರಂತೆ, ಆ ಮರದ ಹೆಸರಿಂದಲೇ ಊರಿಗೆ ಆ ಹೆಸರು ಬಂತು. ನಮ್ಮಲ್ಲಿ ಕಲ್ಯಾಣದ ಚಾಲುಕ್ಯರಿಂದ ಹಿಡಿದು ವಿಜಯನಗರ ಶುರುವಾಗೋವರೆಗಿನ ಕಾಲ ಇದೆಯಲ್ಲ, ಆಗ ಲೋಕದ ದೊಡ್ಡ ಬಂದರುಗಳಲ್ಲಿ ಅದೊಂದು. ಮಾರ್ಕೊ ಪೋಲೊ ಊರಿಗೆ ವಾಪಸ್ ಹೋಗೋಕೆ 1292ರ ಸುಮಾರಿಗೆ ಹಡಗು ಹತ್ತಿದ್ದು ಅಲ್ಲೇ. ಅಲೆಕ್ಸಾಂಡ್ರಿಯಾಕ್ಕೆ ಮೆಣಸಿನ ಹಡಗು ಒಂದು ಹೋದ್ರೆ ಇಲ್ಲಿಗೆ ನೂರು ಬರುತ್ತೆ ಅಂತ ಬರೆದಿದ್ದಾನೆ. ಮೆಣಸು ಅಂದ ಮೇಲೆ ಎಲ್ಲಿಯದು? ನಮ್ಮ ಘಟ್ಟದ್ದೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಸುಮ್ಮಸುಮ್ಮನೆ ಕರೆದ್ರಾ?

— ಆಕೆ 16ನೇ ಶತಮಾನದವಳು ಮೇಷ್ಟ್ರೇ. ಅಷ್ಟು ಹೊತ್ತಿಗೆ ಆ ಬಂದರಿಗೆ ಹೂಳು ತುಂಬಿ, ಮಿಂಗ್ ದೊರೆಗಳು ಸಮುದ್ರ ವ್ಯಾಪಾರಕ್ಕೆ ಕಡಿವಾಣ ಹಾಕಿ, ಕಥೆ ಮುಗಿದಿತ್ತು. ನೀವು ಪುಸ್ತಕದಿಂದ ಮೆಣಸು ಎತ್ತುತ್ತೀರಿ, ನಾನು ಹಡಗನ್ನೇ ನೋಡಿ ಬಂದಿದ್ದೀನಿ. ಹೌಝು ಅನ್ನೋ ಕಡೆ ಕೆಸರಲ್ಲಿ ಹೂತುಹೋಗಿತ್ತಂತೆ. 1973ರಲ್ಲಿ ಕಣ್ಣಿಗೆ ಬಿತ್ತು, ಮರುವರ್ಷ ಅಗೆದು ತೆಗೆದ್ರು. ಊರಿನ ಕೈಯುವಾನ್ ದೇವಸ್ಥಾನದ ಅಂಗಳದಲ್ಲೇ ಅದಕ್ಕೊಂದು ಮನೆ ಕಟ್ಟಿ ಇಟ್ಟಿದ್ದಾರೆ. ಮೇಲಿನ ಭಾಗ ಎಲ್ಲ ಕೊಳೆತು ಹೋಗಿ ಬರೀ ಒಡಲು ಉಳಿದಿದೆ, ಅದೇ 24 ಮೀಟರ್ ಉದ್ದ. ಮೇಲೆ ನಿಂತು ಬಗ್ಗಿ ನೋಡಿದ್ರೆ ಒಳಗೆ ಅಡ್ಡಡ್ಡ ಹಲಗೆ ಹೊಡೆದು 13 ಕೋಣೆ ಮಾಡಿರೋದು ಕಾಣುತ್ತೆ. ಒಂದು ಕೋಣೆಗೆ ನೀರು ನುಗ್ಗಿದ್ರೂ ಇನ್ನೊಂದಕ್ಕೆ ಹೋಗಬಾರದು ಅಂತ ಆ ಉಪಾಯ. ಅದರೊಳಗೆ ಪರಿಮಳದ ಮರದ ತುಂಡು, ಮೆಣಸು, ಅಡಿಕೆ, ಕವಡೆ, ಆಮೆ ಚಿಪ್ಪು ಸಿಕ್ಕಿತಂತೆ.

— ಹದಿಮೂರಾ? ಮಾರ್ಕೊ ಪೋಲೊ ದೊಡ್ಡ ಹಡಗಿನಲ್ಲಿ ಹದಿಮೂರು ಕೋಣೆ ಇರುತ್ತೆ ಅಂತಲೇ ಬರೆದಿರೋದು! ಜನ ಆತನನ್ನ ಬುರುಡೆದಾಸ ಅಂದ್ರಲ್ಲ, ನೋಡಿ ಈಗ. ಮತ್ತೆ ಮೆಣಸು ಸಿಕ್ಕಿತು ಅಂದ್ರಲ್ಲ, ನಾನು ಹೇಳಿದ್ದೂ ಅದನ್ನೇ.

— ಯಾವ ಊರಿನ ಮೆಣಸು ಅಂತ ಅದರ ಮೇಲೆ ಬರೆದಿರಲಿಲ್ಲ. ನೀವು ಹೊನ್ನಾವರ ಅನ್ನಿ, ಕೇರಳದವರು ಕೊಲ್ಲಂ ಅಂತಾರೆ, ಜಾವಾದವರು ತಮ್ಮದು ಅಂತಾರೆ.

— ಸರಿ, ಮೆಣಸು ಬಿಟ್ಟುಬಿಡಿ. ಮನುಷ್ಯ ಹೋದದ್ದಕ್ಕೆ ಲಿಖಿತ ಪುರಾವೆ ಇದೆ. 1340ರ ದಶಕದಲ್ಲಿ ಇಬ್ನ್ ಬತೂತ ಹೊನ್ನಾವರದಲ್ಲಿ ಇದ್ದ. ಊರಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ ಅಂತ ಬರೆದ. ಇಂಥದ್ದನ್ನ ಬೇರೆಲ್ಲೂ ಕಂಡಿಲ್ಲ ಅಂತಲೂ ಸೇರಿಸಿದ. ಬಾರಕೂರು, ಮಂಗಳೂರು ದಾಟಿ ಕಲ್ಲಿಕೋಟೆಗೆ ಹೋದ, ಅಲ್ಲಿ ಚೀನಾದ ಹಡಗುಗಳು ನಿಂತಿದ್ವು. ಆಮೇಲೆ ಮಾಲ್ದೀವ್ಸ್, ಸುಮಾತ್ರಾ ಎಲ್ಲ ಸುತ್ತಾಡಿ ಕೊನೆಗೆ ಚೀನಾದಲ್ಲಿ ಕಾಲಿಟ್ಟಿದ್ದು ಈ ನಿಮ್ಮ ಊರಲ್ಲೇ. ಅಷ್ಟು ದೂರ ಹೋದವನು ಅಲ್ಲಿ ಏನು ಮಾಡಿದ ಗೊತ್ತಾ? ದೇಶ ಸುಂದರ, ಆದ್ರೆ ಹೊರಗೆ ಹೋದ್ರೆ ಕಾಣಬಾರದ್ದೆಲ್ಲ ಕಾಣುತ್ತೆ ಅಂತ ಮನೆ ಹಿಡಿದು ಕೂತ. ಅನಿವಾರ್ಯ ಆದ್ರೆ ಮಾತ್ರ ಬೀದಿಗೆ. ತನ್ನ ಮತದವರು ಯಾರಾದ್ರೂ ಸಿಕ್ಕರೆ ಬಂಧುಗಳನ್ನೇ ಕಂಡಷ್ಟು ಸಂತೋಷ ಪಡ್ತಿದ್ದನಂತೆ.

— ಅಯ್ಯೋ ದೇವರೇ, ಹಾಗಾದ್ರೆ ಆತ ನಮ್ಮ ಗ್ರೂಪ್ ಟೂರಿನವನೇ! ಶಿಯಾಮೆನ್‌ನಲ್ಲಿ ನಮ್ಮ ಕಡೆಯವರ ತಂಡವೊಂದು ಸಿಕ್ಕಿತ್ತು. ಬೆಳಗ್ಗೆ ಉಪ್ಪಿಟ್ಟಿನ ಪ್ಯಾಕೆಟ್ಟು, ಮಧ್ಯಾಹ್ನ ಇಂಡಿಯನ್ ರೆಸ್ಟೊರೆಂಟು, ರಾತ್ರಿ ಮತ್ತೆ ಅವಲಕ್ಕಿ. ಚೀನಾದಲ್ಲಿ ರೈಲ್ವೆ ಸ್ಟೇಷನ್‌ನಲ್ಲೂ ಕುಡಿಯೋಕೆ ಕುದಿಯೋ ನೀರು ಪುಕ್ಕಟೆ ಸಿಗುತ್ತೆ, ಉಪ್ಪಿಟ್ಟಿನವರಿಗೆ ಅದಕ್ಕಿಂತ ಭಾಗ್ಯ ಬೇಕಾ. ಬಸ್ಸಿಂದ ಇಳಿಯೋದು, ಫೋಟೊ, ಬಸ್ಸಿಗೆ ಹತ್ತೋದು. ಅವರಲ್ಲಿ ಒಬ್ಬಾಕೆ ನನ್ನ ಹತ್ತಿರ ಬಂದು, ಇಲ್ಲಿ ಎಲ್ಲ ಕಡೆ ಒಂಥರಾ ವಾಸನೆ ಅಲ್ವಾ ಅಂದ್ರು. ಸಮುದ್ರದ ಊರು, ಮೀನು ಒಣಹಾಕಿರ್ತಾರೆ, ವಾಸನೆ ಇರದೆ ಇರುತ್ತಾ? ಮಲ್ಪೆಗೆ ಹೋದ್ರೆ ಇರಲ್ವಾ?

— ಬೈಯೋದು ಸುಲಭ. ನೀವೇನು ತಿಂದ್ರಿ, ಅದನ್ನ ಹೇಳಿ ಮೊದಲು. ಚಾತುರ್ಮಾಸ್ಯ ಬಂದ್ರೆ ಬೇಳೆ ಕೂಡ ಬಿಡೋ ಮನೆ ನಿಮ್ಮದು.

— ನನ್ನಂಥವಳಿಗೆ ಅಲ್ಲಿ ಬದುಕೋಕೆ ದಾರಿ ಇದೆ, ಕೇಳಿ. ಬೌದ್ಧ ಮಠದ ಅಡುಗೆ ಅಂತ ಒಂದಿದೆ. ಮಾಂಸ ಇಲ್ಲ, ಮೀನಿಲ್ಲ, ಅದರ ಮೇಲೆ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ! ನಮ್ಮ ಅತ್ತೆ ಬದುಕಿದ್ದಿದ್ರೆ ಬಾಯಿಗೆ ಬೀಗ ಬೀಳ್ತಿತ್ತು. ಚಾಂದ್ರಮಾನದ ಪ್ರಕಾರ ತಿಂಗಳ ಮೊದಲನೇ ದಿನ, ಹುಣ್ಣಿಮೆ ದಿನ ಮಾಂಸ ಬಿಡೋ ಜನ ಈಗಲೂ ತುಂಬ ಇದ್ದಾರೆ. ಶಿಯಾಮೆನ್‌ನಲ್ಲಿ ದಕ್ಷಿಣ ಪುಟುವೊ ಅಂತ ದೊಡ್ಡ ದೇವಸ್ಥಾನ, ವಿಶ್ವವಿದ್ಯಾಲಯದ ಪಕ್ಕದಲ್ಲೇ. ಅದರ ಊಟದ ಮನೆ ಹೆಸರುವಾಸಿ. ಗೋಧಿ ಹಿಟ್ಟನ್ನ ತೊಳೆದು ತೊಳೆದು ಪಿಷ್ಟ ಎಲ್ಲ ಹೋದ ಮೇಲೆ ಉಳಿಯೋ ಅಂಟನ್ನ ಅಣಬೆ ಜೊತೆ ಬೇಯಿಸಿ ಒಂದು ಸಾರು ಮಾಡ್ತಾರೆ. ನದಿಯಲ್ಲಿ ಮುಳುಗಿದ ಅರ್ಧಚಂದ್ರ ಅಂತ ಅದರ ಹೆಸರು. ಗುವೊ ಮೊರುವೊ ಅನ್ನೋ ಕವಿ ಬಂದು ತಿಂದು ಹಾಗೆ ಕರೆದನಂತೆ. ಬಟ್ಟಲಲ್ಲಿ ಅಣಬೆ ಅರ್ಧ ಮುಳುಗಿ ಕಪ್ಪಗೆ ಕೂತಿರುತ್ತೆ. ಒಂದು ಬೇರಿನ ವಾಸನೆ, ಕಷಾಯದ ಹಾಗೆ. ಮೊದಲನೇ ಚಮಚಕ್ಕೆ ಬೇಡ ಅನ್ನಿಸಿತು, ಬಟ್ಟಲು ಖಾಲಿ ಆದಾಗ ಇನ್ನೂ ಇದೆಯಾ ಅಂತ ಹುಡುಕಿದೆ.

— ಬೀದಿ ತಿಂಡಿ?

— ಅಲ್ಲಿ ಹುಷಾರಾಗಿರಬೇಕು. ಕ್ವಾನ್‌ಝೌನಲ್ಲಿ ಬೆಳಗ್ಗೆ ಎದ್ದು ಎಲ್ಲರೂ ತಿನ್ನೋದು ಶ್ಯಾವಿಗೆ ಗಂಜಿ. ಕೂದಲೆಳೆ ಶ್ಯಾವಿಗೆ ಕರಗಿ ಹೋಗೋವರೆಗೆ ಬೇಯಿಸಿದ್ದು. ಆದ್ರೆ ಬೇಯಿಸೋದು ಮೂಳೆ ಸಾರಲ್ಲಿ, ನನಗೆ ಬರೀ ನೋಟ. ಸಿಂಪಿ ಹಾಕಿದ ಆಮ್ಲೆಟ್ಟು ಮಗ ತಿಂದ. ಇನ್ನೊಂದಿದೆ, ಸಮುದ್ರದ ಮರಳಿನ ಹುಳು ಬೇಯಿಸಿ ಆರಿಸಿ, ಅದು ಜೆಲ್ಲಿಯಾಗಿ ಹೆಪ್ಪುಗಟ್ಟಿದ ಮೇಲೆ ತಿನ್ನೋದು. ಗಾಜಿನ ಹಾಗಿರೋ ಜೆಲ್ಲಿ ಒಳಗೆ ಹುಳು ಸ್ಪಷ್ಟವಾಗಿ ಕಾಣುತ್ತೆ. ಸೊಸೆ ಎರಡು ತಟ್ಟೆ ತಿಂದಳು. ನಾನು ಆ ಕಡೆ ತಿರುಗಿ ಕೂತೆ. ಆ ಹೊತ್ತಿಗೆ ನಾನೂ ಇಬ್ನ್ ಬತೂತನೇ, ಒಪ್ಕೊಳ್ತೀನಿ.

— ಹುಳು ತಿನ್ನಲೇಬೇಕು ಅಂತ ಯಾವ ಶಾಸ್ತ್ರ ಹೇಳಿದೆ, ಬಿಡಿ.

— ಆದ್ರೆ ಕಡಲೆಕಾಯಿ ಇದೆಯಲ್ಲ! ಆ ಕಡೆಯವರಿಗೆ ಕಡಲೆಕಾಯಿ ಇಲ್ಲದೆ ಕೈಯೇ ಆಡಲ್ಲ. ಸಿಪ್ಪೆ ಸುಲಿದ ಬೀಜವನ್ನ ಬೆಣ್ಣೆ ಆಗೋವರೆಗೆ ಬೇಯಿಸಿ ಸಕ್ಕರೆ ಹಾಕಿ ಬಿಸಿಬಿಸಿ ಪಾಯಸ. ದಪ್ಪ ಹಿಟ್ಟಿನ ರೊಟ್ಟಿ ಹುಯ್ದು ಮೇಲೆ ಹುರಿದ ಕಡಲೆಕಾಯಿ ಪುಡಿ, ಎಳ್ಳು, ಸಕ್ಕರೆ ಸುರಿದು ಅರ್ಧಕ್ಕೆ ಮಡಚಿ ಕೊಡ್ತಾರೆ. ದೊಡ್ಡ ಬಾಣಲೆ, ಮುದುಕನೊಬ್ಬ ಚಾಕುವಲ್ಲಿ ಚಕಚಕ ಕತ್ತರಿಸಿ ಕಾಗದಕ್ಕೆ ಹಾಕ್ತಾನೆ. ಒಳಗೆ ಹಂದಿ ಕೊಬ್ಬು ಇದೆಯಾ ಅಂತ ಫೋನಲ್ಲಿ ಬರೆದು ತೋರಿಸಿ ಕೇಳಬೇಕು, ಬಿಸ್ಕತ್ತು ಬೇಕರಿ ತಿಂಡಿಗಳಲ್ಲಿ ಹಾಕಿರ್ತಾರೆ. ಬಿಸಿಲಿಗೆ ಸಮುದ್ರದ ಪಾಚಿ ಬೇಯಿಸಿ ಮಾಡಿದ ಜೆಲ್ಲಿ, ಮೇಲೆ ಜೇನುತುಪ್ಪ. ನಾವು ಚೈನಾ ಗ್ರಾಸ್ ಹಾಕಿ ಪುಡ್ಡಿಂಗ್ ಮಾಡ್ತೀವಲ್ಲ, ಆ ಜಾತಿಯದೇ, ಆದ್ರೆ ಕಣ್ಣೆದುರಿಗೇ ತುರಿದು ಕೊಡ್ತಾರೆ.

— ಕಡಲೆಕಾಯಿ ಅಮೆರಿಕದ್ದು. ಪೋರ್ಚುಗೀಸರು, ಸ್ಪೇನಿನವರು ಹಡಗು ಓಡಿಸಿದ ಮೇಲೆ ಅವರಿಗೂ ಸಿಕ್ಕಿತು, ನಮಗೂ ಸಿಕ್ಕಿತು. ಬಸವನಗುಡಿಯ ಪರಿಷೆಯಲ್ಲಿ ಹೀಗೆ ಹೇಳಿದ್ರೆ ಯಾರೂ ನಂಬಲ್ಲ, ಬಸವಣ್ಣ ತಿಂದಿದ್ದು ಅಮೆರಿಕದ ಕಾಯಿ ಅಂತ.

— ಚಹಾ ಮಾತ್ರ ಅವರದೇ. ಪಕ್ಕದ ಆನ್‌ಶಿ ಗುಡ್ಡದಲ್ಲಿ ಬೆಳೆಯೋದು, ಕಬ್ಬಿಣದ ಗುವಾನ್‌ಯಿನ್ ಅಂತ ಅದರ ಹೆಸರು. ಅಂಗಡಿಗೆ ಹೋದ್ರೆ ಕೊಂಡ್ಕೊಳ್ಳಿ ಅನ್ನೋ ಮೊದಲು ಕೂರಿಸ್ತಾರೆ. ಲೋಟ ನಮ್ಮ ಕುಂಕುಮದ ಬಟ್ಟಲಷ್ಟು. ಮೊದಲನೇ ಸಲ ಹುಯ್ದ ನೀರು ಚೆಲ್ಲಿಬಿಡ್ತಾರೆ, ಎಲೆ ತೊಳೆದ ಲೆಕ್ಕ. ಅದೇ ಎಲೆಗೆ ಮತ್ತೆ ಮತ್ತೆ ನೀರು. ಹಾಲಿಲ್ಲ, ಸಕ್ಕರೆ ಇಲ್ಲ. ನನಗೆ ಕಾಫಿ ನೆನಪಾಗಿ ಅಳು ಬಂದದ್ದು ಮೊದಮೊದಲು. ಆಮೇಲೆ ಆ ಹಸಿರು ಹೂವಿನ ವಾಸನೆ ಮೂಗಿಗೆ ಅಂಟಿಕೊಂಡಿತು.

— ತಿಂಡಿ ಸಾಕು. ದೇವಸ್ಥಾನಕ್ಕೆ ಬನ್ನಿ. ಕೈಯುವಾನ್ ದೇವಸ್ಥಾನದ ಕಂಬದಲ್ಲಿ ನಮ್ಮ ನರಸಿಂಹ ಇದ್ದಾನಂತಲ್ಲ? ನನ್ನ ತಮ್ಮ ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದ, ಚೀನಾದಲ್ಲಿ ಹಿಂದೂ ದೇವಸ್ಥಾನ ಅಂತ.

— ನಿಮ್ಮ ತಮ್ಮ ಅರ್ಧ ಕಳಿಸಿದ್ದಾನೆ. ಕೈಯುವಾನ್ ಬೌದ್ಧ ದೇವಸ್ಥಾನ, 686ರಲ್ಲಿ ಶುರುವಾಗಿದ್ದು. ಎರಡೂ ಪಕ್ಕ ಕಲ್ಲಿನ ಗೋಪುರ, ನಲವತ್ತು ಮೀಟರಿಗಿಂತ ಎತ್ತರ, 13ನೇ ಶತಮಾನದ್ದು. ನಡುವೆ ದೊಡ್ಡ ಮಂಟಪ. ಅದರ ಹಿಂಬದಿಯಲ್ಲಿ ಹದಿನಾರು ಮುಖದ ಎರಡು ಕಂಬ ಇವೆ, ಅದರಲ್ಲಿ ಹಿರಣ್ಯಕಶಿಪುವಿನ ಹೊಟ್ಟೆ ಬಗೀತಿರೋ ನರಸಿಂಹ, ಗೋಪಿಯರ ಸೀರೆ ಕದ್ದ ಕೃಷ್ಣ, ಗಜೇಂದ್ರಮೋಕ್ಷ. ಎಲ್ಲ ದುಂಡನೆಯ ಚೌಕಟ್ಟಿನೊಳಗೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಮುಂದಿನ ಜಗಲಿಯ ಬುಡದಲ್ಲಿ ಮನುಷ್ಯ ಮುಖದ ಸಿಂಹಗಳ ಸಾಲು, ಎಪ್ಪತ್ತಕ್ಕೂ ಹೆಚ್ಚು. ಮಿಂಗ್ ಕಾಲದಲ್ಲಿ ಮಂಟಪ ರಿಪೇರಿ ಮಾಡಿದಾಗ ಬೇರೆಲ್ಲೋ ಬಿದ್ದಿದ್ದ ದೇವಸ್ಥಾನದ ಕಲ್ಲು ತಂದು ಕೂರಿಸಿದ್ದಾರೆ.

— ಅದು ಶಿವಾಲಯದ್ದು. 1281ರ ಶಾಸನ ಸಿಕ್ಕಿದೆ, ತಮಿಳಲ್ಲಿ, ಕೊನೆಗೆ ಒಂದು ಸಾಲು ಚೀನೀ. ಖಾನನಿಗೆ ಒಳ್ಳೇದಾಗಲಿ ಅಂತ ಶಿವನ ಪ್ರತಿಷ್ಠೆ. ಕುಬ್ಲಾಯ್ ಖಾನನ ಕಾಲ. ವ್ಯಾಪಾರಿಗಳಿಗೆ ದೇವರೂ ಬೇಕು, ದೊರೆಯೂ ಬೇಕು.

— ತಮಿಳರು ಕಟ್ಟಿಸಿದ್ದು ಅಂತ ಆಯ್ತಲ್ಲ. ನಮ್ಮದು ಅಂತ ಕುಣಿಯೋದು ಯಾಕೆ?

— ಪೂರ್ತಿ ಬಿಟ್ಟುಕೊಡಲ್ಲ ನಾನು. ಐಹೊಳೆಯ ಐನೂರ್ವರು ಅಂತ ವರ್ತಕರ ಸಂಘ ಇತ್ತು. ಹುಟ್ಟಿದ್ದು ಐಹೊಳೆಯಲ್ಲಿ, ಬೆಳೆದಿದ್ದು ದಕ್ಷಿಣದ ತುಂಬ. 1088ರಲ್ಲಿ ಸುಮಾತ್ರಾದ ಬರೂಸ್‌ನಲ್ಲಿ ಇದೇ ಐನೂರ್ವರ ಹೆಸರಲ್ಲಿ ಶಾಸನ ಹಾಕಿಸಿದ್ದಾರೆ, ಅದೂ ತಮಿಳಲ್ಲೇ. ಅಂಥ ಸಂಘದಲ್ಲಿ ಕನ್ನಡದವನು ಯಾರು, ತಮಿಳಿನವನು ಯಾರು ಅಂತ ಗೆರೆ ಹಾಕೋಕೆ ಆಗಲ್ಲ. ಮತ್ತೆ 1374ರಲ್ಲಿ ಬುಕ್ಕರಾಯನೇ ಮಿಂಗ್ ಚಕ್ರವರ್ತಿಗೆ ರಾಯಭಾರ ಕಳಿಸಿದ. ಹಂಪಿಯಲ್ಲಿ ಅಗೆದಾಗ ಚೀನೀ ಪಿಂಗಾಣಿ ಚೂರು ಸಿಕ್ಕಿದೆ.

— ಕಳಿಸಲಿ ಬಿಡಿ. ನಾನು ಕಂಡಿದ್ದು ಹೇಳ್ತೀನಿ. ನಮ್ಮವರು ಬರ್ತಾರೆ, ನೇರ ಹಿಂದಕ್ಕೆ ಓಡಿ ಆ ಎರಡು ಕಂಬದ ಮುಂದೆ ಸೆಲ್ಫಿ ತೆಗೆದು ಹೊರಟುಬಿಡ್ತಾರೆ. ಮಂಟಪದ ಒಳಗೆ ತಲೆ ಎತ್ತಿ ನೋಡಿದವರು ಒಬ್ಬರೂ ಇಲ್ಲ. ಅಲ್ಲಿ ತೊಲೆಗಳ ಸಂದಿಯಿಂದ ಇಪ್ಪತ್ನಾಲ್ಕು ಗಂಧರ್ವ ಸ್ತ್ರೀಯರು ಮುಂದಕ್ಕೆ ಚಾಚಿಕೊಂಡಿದ್ದಾರೆ. ಬೆನ್ನಿಗೆ ರೆಕ್ಕೆ, ಕೈಯಲ್ಲಿ ಕೊಳಲು, ತಂತಿವಾದ್ಯ, ತಟ್ಟೆ, ಬಣ್ಣ ಇನ್ನೂ ಹೊಳೀತಿದೆ. ಬರೀ ಅಲಂಕಾರ ಅಲ್ಲ, ಬೇಲೂರಿನ ಮದನಿಕೆಯರನ್ನ ತೆಗೆದ್ರೂ ಗುಡಿ ನಿಂತಿರುತ್ತೆ, ಇವರು ಮಾತ್ರ ಮೇಲಿನ ತೊಲೆಗೆ ಆಸರೆ ಕೊಟ್ಟಿದ್ದಾರೆ. ಕತ್ತು ನೋಯೋವರೆಗೆ ನೋಡಿದೆ. ಅದು ಅವರದು, ಯಾವ ಸೀಮೆಯಿಂದಲೂ ಎತ್ತಿ ತಂದದ್ದಲ್ಲ. ನಮ್ಮದನ್ನ ಹುಡುಕ್ಕೊಂಡು ಹೋದವನಿಗೆ ಅದು ಕಾಣೋದೇ ಇಲ್ಲ ಮೇಷ್ಟ್ರೇ.

— ...

— ಏನು, ಸುಮ್ಮನಾದ್ರಿ?

— ಇಲ್ಲ, ಕದ್ರಿ ನೆನಪಾಯ್ತು. ಮಂಗಳೂರಿನ ಕದ್ರಿ ಮಂಜುನಾಥನ ಗುಡಿಯಲ್ಲಿ ಲೋಕೇಶ್ವರ ಅಂತ ಒಂದು ಕಂಚಿನ ಮೂರ್ತಿ ಇದೆಯಲ್ಲ, ಮೂರು ಮುಖ, ಆರು ಕೈ. ಪೀಠದ ಮೇಲೆ 968ರ ಶಾಸನ, ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ್ದು. ವಿಹಾರ ಅಂದ ಮೇಲೆ ಬೌದ್ಧರದ್ದು ಅಂತ ಅನೇಕ ವಿದ್ವಾಂಸರು ಹೇಳ್ತಾರೆ, ಅದು ಅವಲೋಕಿತೇಶ್ವರ. ಈಗ ಶಿವನ ಗುಡಿಯಲ್ಲಿ ಶೈವರ ಪೂಜೆ. ನಿಮ್ಮ ಚಹಾದ ಗುವಾನ್‌ಯಿನ್ ಇದ್ದಾಳಲ್ಲ, ಅವಳೂ ಅದೇ ಅವಲೋಕಿತೇಶ್ವರ, ಚೀನಾಗೆ ಹೋಗಿ ಹೆಣ್ಣಾದ ರೂಪ.

— ಹಾಗಾದ್ರೆ ನಾನು ಇದನ್ನ ಹೇಳಲೇಬೇಕು. ಊರಿನಾಚೆ ಜಿನ್‌ಜಿಯಾಂಗ್ ಕಡೆ ಚೆದಿಯನ್ ಅನ್ನೋ ಹಳ್ಳಿ. ಅಲ್ಲೊಂದು ಸಣ್ಣ ಗುಡಿ, ನಮ್ಮ ಬಡಾವಣೆಯ ಗಣಪತಿ ಗುಡಿಯಷ್ಟೇ. ಒಳಗೆ ನಾಲ್ಕು ಕೈಯ ದೇವಿ, ಪದ್ಮಾಸನ. ಯಾವುದೋ ಹಳೇ ಶಿವಾಲಯದಿಂದ ಬಂದವಳು ಅಂತ ಕಂಡವರು ಹೇಳ್ತಾರೆ. ಹಳ್ಳಿಯವರಿಗೆ ಆಕೆ ಗುವಾನ್‌ಯಿನ್. ಊದುಬತ್ತಿ ಹಚ್ಚಿ, ಕಿತ್ತಲೆ ಹಣ್ಣು ಇಟ್ಟು ಕೈಮುಗೀತಾರೆ.

— ಇಲ್ಲಿ ಬೌದ್ಧರ ದೇವರು ಶಿವನ ಮನೆಯಲ್ಲಿ, ಅಲ್ಲಿ ಶಿವನ ಮನೆಯವಳು ಬೌದ್ಧರ ದೇವರಾಗಿ. ವಾಟ್ಸ್ಯಾಪ್‌ಗೆ ಇದು ಬರಲ್ಲ ಬಿಡಿ.

— ನೀವು ಕಳಿಸಿದ್ರೆ ಬರುತ್ತೆ. ಇತ್ತ ಕ್ವಾನ್‌ಝೌ ಪೇಟೆ ಮಧ್ಯೆ, 1009ರಷ್ಟು ಹಳೇ ಮಸೀದಿ ಇದೆ, ಕಲ್ಲಿನ ಎತ್ತರದ ಬಾಗಿಲು, ಪ್ರಾರ್ಥನೆಯ ಮಂಟಪಕ್ಕೆ ಮೇಲ್ಛಾವಣಿಯೇ ಇಲ್ಲ, ಗೋಡೆಯಲ್ಲಿ ಅರಬ್ಬೀ ಅಕ್ಷರ. ಅದರ ಪಕ್ಕಕ್ಕೇ ಗುವಾನ್ ಯು ಅನ್ನೋ ವೀರನ ಗುಡಿ, ಆತನ ಮುಖ ಕೆಂಪು ಕೆಂಪು. ಅಲ್ಲಿ ಹೊಗೆಯೋ ಹೊಗೆ. ಆ ಗುಡಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡು ಮರದ ತುಂಡು. ಅರ್ಧಚಂದ್ರಾಕಾರ, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಮಂಡಿ ಊರಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಕೊಂಡು, ನೆಲಕ್ಕೆ ಎಸೀತಾರೆ. ಒಂದು ಚಪ್ಪಟೆ ಒಂದು ಉಬ್ಬು ಮೇಲೆ ಬಂದ್ರೆ ದೇವರು ಹೂಂ ಅಂದ ಹಾಗೆ. ಎರಡೂ ಉಬ್ಬು ಬಂದ್ರೆ ಇಲ್ಲ. ಎರಡೂ ಚಪ್ಪಟೆ ಬಂದ್ರೆ ದೇವರು ನಗ್ತಿದ್ದಾನೆ, ಪ್ರಶ್ನೆ ಸರಿಯಾಗಿ ಕೇಳು ಅಂತ.

— ನಗೋ ದೇವರು! ನಮ್ಮಲ್ಲಿ ಹೂ ಪ್ರಸಾದ ಕೇಳಿದ್ರೆ ಎಡಕ್ಕೆ, ಬಲಕ್ಕೆ ಅಷ್ಟೇ. ಇದು ಮೂರನೇ ಉತ್ತರ.

— ಒಬ್ಬ ಹುಡುಗಿ, ಆಫೀಸಿನ ಗುರುತುಪತ್ರ ಕುತ್ತಿಗೆಯಲ್ಲಿ ನೇತಾಡ್ತಿತ್ತು, ಎಸೆದೇ ಎಸೆದಳು, ದೇವರು ನಗ್ತಾನೇ ಇದ್ದ. ಕೊನೆಗೆ ಅವಳೇ ನಕ್ಕುಬಿಟ್ಟು ಎದ್ದು ಹೋದಳು. ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚೋ ಹೆಣ್ಣುಮಕ್ಕಳ ಮುಖ ನೋಡಿದ್ದೀನಲ್ಲ, ಮದುವೆ, ಕೋರ್ಟು, ಮಕ್ಕಳು. ಅದೇ ಮುಖಗಳು ಅಲ್ಲೂ.

— ಸಮುದ್ರದ ದೇವತೆ ಒಬ್ಬಳಿದ್ದಾಳೆ ಅಂತ ಓದಿದ್ದೆ.

— ಮಾಜು. ಪಕ್ಕದ ಮೆಯ್‌ಝೌ ದ್ವೀಪದ ಹುಡುಗಿ, 960ರಲ್ಲಿ ಹುಟ್ಟಿದಳು ಅಂತ ನಂಬಿಕೆ. ಬಿರುಗಾಳಿಗೆ ಸಿಕ್ಕ ದೋಣಿಗಳನ್ನ ಕಾಯ್ತಾಳೆ. ಕ್ವಾನ್‌ಝೌನಲ್ಲಿ ಅವಳ ಗುಡಿ 1196ರದ್ದು. ಅಲ್ಲಿಂದ ದೋಣಿ ಹತ್ತಿದ ಜನ ಹೋದಲ್ಲೆಲ್ಲ ಅವಳನ್ನ ಕರ್ಕೊಂಡು ಹೋದ್ರು. ತೈವಾನ್, ಸಿಂಗಪುರ, ಮಲಕ್ಕಾ ಎಲ್ಲ ಕಡೆ ಇದ್ದಾಳೆ. ಈಗಲೂ ಅಲ್ಲಿಯ ಭಕ್ತರು ಮೂರ್ತಿ ಹೊತ್ತುಕೊಂಡು ಮೆಯ್‌ಝೌಗೆ ಬರ್ತಾರೆ, ತವರಿಗೆ ಕರ್ಕೊಂಡು ಬಂದ ಹಾಗೆ.

— ನಮ್ಮ ಬನಶಂಕರಿಯೂ ಬಾದಾಮಿಯ ತಾಯಿಯೇ ಅಲ್ವಾ? ಅಲ್ಲಿಯ ಭಕ್ತರೊಬ್ಬರು 1915ರಲ್ಲಿ ಕನಕಪುರ ರಸ್ತೆಯಲ್ಲಿ ಗುಡಿ ಕಟ್ಟಿಸಿದ್ರು. ಅಮ್ಮನ ಹೆಸರು ಬಡಾವಣೆಗೆ ಬಂತು, ಬಸ್ ನಿಲ್ದಾಣಕ್ಕೆ ಬಂತು, ಮೆಟ್ರೊಗೆ ಬಂತು. ಇರೋ ಜನರಲ್ಲಿ ಬಾದಾಮಿ ಎಲ್ಲಿದೆ ಅಂತ ಎಷ್ಟು ಮಂದಿ ಹೇಳ್ತಾರೋ.

— ಇನ್ನು ಹೂವಿನ ವಿಷಯ. ನಗಬಾರದು.

— ನಗಲ್ಲ, ಹೇಳಿ.

— ಶುನ್‌ಪು ಅಂತ ಮೀನುಗಾರರ ಹಳ್ಳಿ, ಕ್ವಾನ್‌ಝೌ ಅಂಚಿನಲ್ಲೇ. ಕೆಲವು ಮನೆಯ ಗೋಡೆಗೆ ಇಟ್ಟಿಗೆ ಬದಲು ಸಿಂಪಿಯ ಚಿಪ್ಪು, ಮೀನಿನ ಪೊರೆ ಹಾಗೆ ಒಂದರ ಮೇಲೊಂದು. ಆ ಊರಿನ ಹೆಂಗಸರು ತುರುಬು ಕಟ್ಟಿ ನಡುವೆ ಒಂದು ಮೂಳೆಯ ಕಡ್ಡಿ ಸಿಕ್ಕಿಸಿ ಸುತ್ತ ಮಾಲೆ ಮಾಲೆಯಾಗಿ ಹೂ ಮುಡೀತಾರೆ. ಮಲ್ಲಿಗೆ ಮೊಗ್ಗೂ ಇರುತ್ತೆ. ಎಪ್ಪತ್ತು ಎಂಬತ್ತರ ಅಜ್ಜಿಯರೂ ಮುಡಿದುಕೊಂಡೇ ಸಿಂಪಿ ಒಡೀತಾ ಕೂತಿರ್ತಾರೆ. 2023ರಲ್ಲಿ ಅದು ದೇಶದ ತುಂಬ ಹುಚ್ಚಾಗಿ ಹರಡಿ ಈಗ ಹಳ್ಳಿ ಪೂರ್ತಿ ಬಾಡಿಗೆ ಬಟ್ಟೆಯ ಅಂಗಡಿ, ಫೋಟೊಗ್ರಾಫರು. ಪ್ಯಾಟೆ ಹುಡುಗಿಯರು ಸಾಲುಗಟ್ಟಿ ಕೂತು ಹೂ ಮುಡಿಸಿಕೊಳ್ತಾರೆ. ಸೊಸೆ ಕೂತಳು. ಅವಳದು ಮುಗೀತಿದ್ದ ಹಾಗೆ ಆ ಮುದುಕಿ ನನ್ನ ಭುಜ ಹಿಡಿದು ಕೂರಿಸಿಬಿಟ್ಟಳು. ನಾನು ಬೇಡ ಬೇಡ ಅಂತ ಕೈ ಆಡಿಸ್ತಿದ್ದೀನಿ, ಅವಳು ನಾಚಿಕೆ ಅಂದ್ಕೊಂಡು ನಗ್ತಿದ್ದಾಳೆ. ಯಜಮಾನರು ಹೋದ ಮೇಲೆ ತಲೆಗೆ ಹೂ ಇಟ್ಟಿರಲಿಲ್ಲ ಮೇಷ್ಟ್ರೇ. ಇಲ್ಲಿ ಗಾಂಧಿ ಬಜಾರ್‌ನಲ್ಲಿ ಹೂವಿನವಳು ನನ್ನ ಹಣೆ ನೋಡಿ, ದೇವರಿಗಾ ಅಮ್ಮಾ ಅಂತಲೇ ಕೇಳೋದು. ಆ ಮುದುಕಿಗೆ ಏನು ಗೊತ್ತು. ಬಾಚಣಿಗೆ ಹಾಕಿ, ನಾಲ್ಕು ಸುತ್ತು ಹೂ ಮುಡಿಸಿ, ಕನ್ನಡಿ ಹಿಡಿದಳು.

— ಆಮೇಲೆ?

— ಆಮೇಲೆ ಏನು, ದುಡ್ಡು ಕೊಟ್ವಿ. ಫೋನಲ್ಲಿ ಸ್ಕ್ಯಾನ್ ಮಾಡಬೇಕು, ನೋಟು ಕೊಟ್ರೆ ಚಿಲ್ಲರೆಗೆ ಪರದಾಡ್ತಾರೆ. ಸಂಜೆಯವರೆಗೆ ಹಾಗೇ ಇದ್ದೆ. ರೈಲಲ್ಲೂ ತೆಗೀಲಿಲ್ಲ.

— ಒಳ್ಳೇದು ಮಾಡಿದ್ರಿ.

— ಫೋಟೊ ಯಾರಿಗೂ ತೋರಿಸಿಲ್ಲ, ನಿಮ್ಮ ಮನೆಯವರಿಗೆ ಮಾತ್ರ ತೋರಿಸಿದ್ದೀನಿ. ನೀವು ಬಾಯಿ ಬಿಡಬೇಡಿ.

— ಸಂಗೀತ ಏನಾದ್ರೂ ಕೇಳಿದ್ರಾ?

— ನಾನ್‌ಯಿನ್ ಅಂತಾರೆ. ಒಂದು ಹಳೇ ಮನೆಯ ಅಂಗಳದಲ್ಲಿ ಹಾಡ್ತಿದ್ರು. ಪೀಪಾ ಅನ್ನೋ ತಂತಿವಾದ್ಯವನ್ನ ಅಡ್ಡಕ್ಕೆ ಹಿಡ್ಕೊಳ್ತಾರೆ, ನಮ್ಮ ವೀಣೆ ಕಡೆಯದೇ ಭಂಗಿ. ಒಂದು ಬಿದಿರಿನ ಕೊಳಲು ಲಂಬಕ್ಕೆ. ಹಾಡೋ ಹೆಂಗಸಿನ ಕೈಯಲ್ಲೇ ಮರದ ಚಿಟಿಕೆ, ತಾಳ ಅವಳದೇ. ನಿಧಾನ ಅಂದ್ರೆ ನಿಧಾನ. ವಿಳಂಬಕ್ಕಿಂತ ವಿಳಂಬ. ರಾಮನವಮಿ ಪೆಂಡಾಲಿನಲ್ಲಿ ಕಿವಿ ತಯಾರಾದವರಿಗೂ ತಾಳ ಎಲ್ಲಿ ಬೀಳುತ್ತೆ ಅಂತ ಹಿಡಿಯೋಕೆ ಕಷ್ಟ. ಹಿಂದೆ ಕೂತ ಮುದುಕರು ಮಾತ್ರ ತೊಡೆ ಮೇಲೆ ಬೆರಳಲ್ಲಿ ಸರಿಯಾಗಿ ಎಣಿಸ್ತಿದ್ರು. ಸೂತ್ರದ ಗೊಂಬೆಯಾಟವೂ ಇತ್ತು, ಗೊಂಬೆ ಚಹಾ ಬಗ್ಗಿಸಿ ಕುಡೀತು. ಅದಕ್ಕಿಂತ ಹೆಚ್ಚು ಕೇಳಬೇಡಿ, ಮೊಮ್ಮಗ ಅತ್ತು ಎದ್ದು ಬಂದ್ವಿ.

— ನನಗೆ ಆ ಕಲ್ಲುಗಳ ಕಥೆ ಬೇಕು. ಇಷ್ಟೆಲ್ಲ ಗುಡಿ, ಗೋರಿ ಹೋದದ್ದು ಹೇಗೆ? 1357ರಿಂದ ಹತ್ತು ವರ್ಷ ಆ ಊರಲ್ಲಿ ಪರದೇಶಿ ಸಿಪಾಯಿಗಳ ದಂಗೆ ಆಯ್ತು, ಅಡಗಿಸಿದ ಮೇಲೆ ಪರದೇಶಿಗಳ ಮೇಲೆ ಸೇಡು. ಅಷ್ಟರಲ್ಲಿ ಎಷ್ಟು ಹಾಳಾಯ್ತೋ.

— ಮುರಿದ ಕಲ್ಲನ್ನ ಕೋಟೆ ಗೋಡೆಗೆ ತುಂಬಿಬಿಟ್ಟಿದ್ರು. ಕಳೆದ ಶತಮಾನದಲ್ಲಿ ಗೋಡೆ ಕೆಡವಿದಾಗ ಒಂದೊಂದೇ ಹೊರಗೆ ಬಂತು. ಅರಬ್ಬೀ ಗೋರಿಕಲ್ಲು, ಶಿಲುಬೆಯ ಜೊತೆ ಕಮಲ ಇರೋ ಕ್ರೈಸ್ತರ ಕಲ್ಲು, ಶಿವಲಿಂಗಕ್ಕೆ ಹೂ ಹಾಕ್ತಿರೋ ಆನೆ. ಅದನ್ನೆಲ್ಲ ಕೂಡಿಟ್ಟವನು ನಿಮ್ಮ ಜಾತಿಯವನೇ, ಶಾಲೆಯ ಮೇಷ್ಟ್ರು. ವು ವೆನ್‌ಲಿಯಾಂಗ್ ಅಂತ ಹೆಸರು. ಕಲ್ಲುಕುಟಿಗರು ಒಡೆದು ಹಾಕೋ ಮೊದಲು ಹೋಗಿ ಕೊಂಡು ಮನೆಯಲ್ಲಿ ಇಟ್ಕೊಳ್ತಿದ್ದನಂತೆ. 1957ರಲ್ಲಿ ಪುಸ್ತಕ ಬರೆದ. 1959ರಲ್ಲಿ ಸಮುದ್ರಯಾನದ ಮ್ಯೂಸಿಯಂ ಶುರುವಾಯ್ತು. ಆತನ ಕಲ್ಲು ಇಲ್ಲದಿದ್ದರೆ ಆ ಮ್ಯೂಸಿಯಂ ಏನು ತೋರಿಸ್ತಿತ್ತು?

— ಸಂಬಳದಲ್ಲಿ ಕಲ್ಲು ಕೊಳ್ಳೋ ಮೇಷ್ಟ್ರು! ಆತನ ಹೆಂಡತಿಗೆ ನಮಸ್ಕಾರ. ಇಲ್ಲಿ ಬೇಗೂರಿನ ಶಾಸನ ನೋಡಿ, ಬೆಂಗಳೂರು ಅನ್ನೋ ಹೆಸರು ಮೊದಲು ಕಾಣೋದೇ ಅದರಲ್ಲಿ, 890ರ ಸುಮಾರಿನದು. ಅಂಥ ಕಲ್ಲುಗಳು ನಮ್ಮ ಸುತ್ತ ಚರಂಡಿ ಚಪ್ಪಡಿಯಾಗಿ, ಬಟ್ಟೆ ಒಗೆಯೋ ಕಲ್ಲಾಗಿ ಎಷ್ಟು ಹೋದ್ವೋ. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡ್ತಿದ್ದಾರೆ, ಅಷ್ಟಾದ್ರೂ ಆಯ್ತು.

— ಕೊನೆಗೆ ಸೇತುವೆ. ನನ್ನ ಕೇಳಿದ್ರೆ ಇಡೀ ಊರಲ್ಲಿ ಅದೇ ದೊಡ್ಡದು. ಲುವೊಯಾಂಗ್ ಸೇತುವೆ. ನದಿ ಸಮುದ್ರ ಸೇರೋ ಜಾಗ, ದಿನಕ್ಕೆ ಎರಡು ಸಲ ಉಬ್ಬರ, ಬುಡ ಹಾಕಿದ್ರೆ ನಿಲ್ಲಲ್ಲ. 1053ರಲ್ಲಿ ಶುರು ಮಾಡಿ 1059ಕ್ಕೆ ಮುಗಿಸಿದ್ರು. ಮೊದಲು ನದಿಗೆ ಅಡ್ಡಲಾಗಿ ಕಲ್ಲು ಸುರಿದು ತಳ ಮಾಡಿದ್ರು. ಆಮೇಲೆ ಆ ಕಲ್ಲುಗಳ ಮೇಲೆ ಸಿಂಪಿ ಬೆಳೆಸಿದ್ರು. ಸಿಂಪಿ ಕಲ್ಲಿಗೆ ಅಂಟಿ, ಮರಿ ಹಾಕಿ, ಸಂದಿಗಳನ್ನೆಲ್ಲ ತಾನೇ ಗಾರೆ ಹಾಕಿದಂತೆ ಬೆಸೆದುಬಿಡ್ತು. ಮೇಲಿನ ಚಪ್ಪಡಿಗಳು ಟನ್‌ಗಟ್ಟಲೆ ತೂಕ, ಅದನ್ನ ಎತ್ತೋರು ಯಾರು? ದೋಣಿ ಮೇಲೆ ಹೇರಿ, ಉಬ್ಬರ ಬಂದಾಗ ಕಂಬಗಳ ನಡುವೆ ತಂದು ನಿಲ್ಲಿಸೋದು. ಇಳಿತ ಆದ ಹಾಗೆ ಚಪ್ಪಡಿ ತಾನೇ ಇಳಿದು ಕೂರುತ್ತೆ.

— ಭಲೇ! ಎತ್ತೋ ಕೆಲಸ ಸಮುದ್ರಕ್ಕೆ, ಗಾರೆ ಕೆಲಸ ಸಿಂಪಿಗೆ. ನಮ್ಮಲ್ಲಿ ಮೇಲ್ಸೇತುವೆಗೆ ಟೆಂಡರ್ ಕರೆಯೋರಿಗೆ ಇದನ್ನ ತೋರಿಸಬೇಕು.

— ಏಳುನೂರು ಮೀಟರ್‌ಗಿಂತ ಉದ್ದ. ಪೂರ್ತಿ ನಡೆದೆ. ಇಳಿತದ ಹೊತ್ತು, ಕೆಳಗೆ ಕೆಸರಲ್ಲಿ ಹೆಂಗಸರು ಬಗ್ಗಿ ಸಿಂಪಿ ಆರಿಸ್ತಿದ್ರು. ಕಂಬದ ಬುಡಕ್ಕೆ ಬೆಳ್ಳಗೆ ಚಿಪ್ಪು ಮೆತ್ತಿಕೊಂಡಿರೋದು ಈಗಲೂ ಕಾಣುತ್ತೆ. 2021ರಲ್ಲಿ ಯುನೆಸ್ಕೊದವರು ಊರಿನ 22 ಜಾಗ ಪಟ್ಟಿಗೆ ಸೇರಿಸಿದ್ದಾರೆ, ಇದೂ ಒಂದು. ನಾನು ಅದರಲ್ಲಿ ಅರ್ಧವೂ ನೋಡಿಲ್ಲ.

— ನನಗೂ ಒಂದು ಸಲ ನೋಡಬೇಕು ಅನ್ನಿಸ್ತಿದೆ. ಖರ್ಚು ಎಷ್ಟಾಗುತ್ತೋ.

— ಮಗನ ಮನೆ ಇದೆ, ಉಳಿಯೋ ಖರ್ಚಿಲ್ಲ. 2020ರಿಂದ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ಮತ್ತೆ ಶುರುವಾಯ್ತು. ನಾನು ಸಿಂಗಪುರದ ಮೇಲೆ ಹೋದೆ, ನಮಗೆ ಅದೇ ಸಲೀಸು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತ, ಬೇಡ. ಅಕ್ಟೋಬರ್ ಮೊದಲ ವಾರ ಅವರ ರಾಷ್ಟ್ರೀಯ ರಜೆ, ದೇಶಕ್ಕೆ ದೇಶವೇ ರೈಲಲ್ಲಿರುತ್ತೆ, ಅದೂ ಬೇಡ. ನವೆಂಬರ್, ಡಿಸೆಂಬರ್ ಹಿತ, ಸ್ವೆಟರ್ ಒಂದಿದ್ರೆ ಸಾಕು. ಅಲ್ಲಿ ಗೂಗಲ್ ಇಲ್ಲ, ವಾಟ್ಸ್ಯಾಪ್ ಇಲ್ಲ. ಇಲ್ಲಿಯ ಸಿಮ್‌ಗೇ ರೋಮಿಂಗ್ ಹಾಕಿಸ್ಕೊಂಡ್ರೆ ಎರಡೂ ನಡೆಯುತ್ತೆ. ಅಲಿಪೇ ಇಲ್ಲೇ ಹಾಕ್ಕೊಂಡು ಕಾರ್ಡ್ ಜೋಡಿಸ್ಕೊಂಡು ಹೋಗಿ. ಚಟ್ನಿಪುಡಿ ತಗೊಂಡು ಹೋಗಿ, ಆ ಕಡೆ ಊಟಕ್ಕೆ ಖಾರವೇ ಇಲ್ಲ.

— ಚಟ್ನಿಪುಡಿ? ಆಗ ನಾನು ಇಬ್ನ್ ಬತೂತ ಆಗಲ್ವಾ?

— ಚಟ್ನಿಪುಡಿ ಹಾಕ್ಕೊಂಡು ಅವರ ಅನ್ನವನ್ನೇ ತಿನ್ನಿ, ಆಗಲ್ಲ. ಪಾಸ್‌ಪೋರ್ಟ್ ಇದೆಯಾ?

— ಇದೆ. ಅವಧಿ ಮುಗಿದಿದೆ ಅಂತ ಕಾಣುತ್ತೆ. ಹಿಂದೆ ನೇಪಾಳಕ್ಕೆ ಅಂತ ಮಾಡಿಸಿದ್ದು, ಅಲ್ಲಿಗೆ ಪಾಸ್‌ಪೋರ್ಟೇ ಬೇಕಿಲ್ಲ ಅಂತ ಆಮೇಲೆ ಗೊತ್ತಾಯ್ತು.

— ನಾಳೆಯೇ ಅರ್ಜಿ ಹಾಕಿ. ವೀಸಾ ಫಾರಂ ತುಂಬುವಾಗ ಉದ್ಯೋಗ ಅನ್ನೋ ಜಾಗದಲ್ಲಿ ನಿವೃತ್ತ ಅಂತ ಮಾತ್ರ ಬರೀರಿ. ಇತಿಹಾಸ ಸಂಶೋಧಕ ಅಂತೆಲ್ಲ ಬರೆದ್ರೆ, ಯಾಕೆ ಬರ್ತಿದ್ದೀರಿ ಅಂತ ಕೇಳ್ತಾರೆ, ನೀವು ಮೆಣಸಿನಿಂದ ಶುರು ಮಾಡ್ತೀರಿ.